ತಡವಾಗಿ ಬಂದ ಪದಕ

ಶ್ರೀರಂಗಪಟ್ಟಣದ ಹೆಸರು ಹೊತ್ತ ಪದಕವೊಂದುಂಟು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಒಂದು ನಿಮಿಷ ನಿಂತು ನೋಡಿ. ಒಂದು ಮುಖದಲ್ಲಿ ಸಿಂಹವು ಹುಲಿಯನ್ನು ಕೆಳಗೆ ಕೆಡವಿ ಮೆಟ್ಟಿದೆ. ಸಿಂಹ ಯಾರು, ಹುಲಿ ಯಾರು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ ಹತ್ತುವ ದೃಶ್ಯ. ಅದರ ಕೆಳಗೆ ಪಾರ್ಸಿ ಲಿಪಿಯ ಬರಹ. ನಮ್ಮ ನಾಡಿನ ಸೋಲಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಳಿ, ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಅಚ್ಚೊತ್ತಿಸಿದ ಬಿಲ್ಲೆ ಅದು. ಹಿರಿಯ ಅಧಿಕಾರಿಗಳಿಗೆ ಚಿನ್ನ, ಅವರಿಗಿಂತ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರಿಯ ಬೆಳ್ಳಿ, ಕಂಚು, ಕೊನೆಗೆ ಸಾಮಾನ್ಯ ಸಿಪಾಯಿಗೆ ತವರ. ಲೋಹದಲ್ಲಿ ಭೇದ ಮಾಡಿದರೇನು, ಕಟ್ಟಕಡೆಯ ದಂಡಾಳಿಗೂ ಏನೋ ಒಂದು ಸಂದಿತಲ್ಲ! ಈ ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಅದೇ ಕಾಲದಲ್ಲಿ ಯೂರೋಪಿನಲ್ಲಿ ತಮ್ಮ ದೊರೆಗಾಗಿ ಕಾದಾಡುತ್ತಿದ್ದ ಇಂಗ್ಲಿಷ್ ಸಿಪಾಯಿಗಳಿಗೆ ಆ ತವರವೂ ಇರಲಿಲ್ಲ.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯನ್ನು ನೀವು ಬಲ್ಲಿರಿ. ಆತ 1805ರಲ್ಲಿ ಭಾರತ ಬಿಟ್ಟು ಹೋದ. 1808ರಿಂದ 1814ರವರೆಗೆ ಪೋರ್ಚುಗಲ್, ಸ್ಪೇನ್ ದೇಶಗಳಲ್ಲಿಯೂ ಕೊನೆಗೆ ಫ್ರಾನ್ಸಿನ ದಕ್ಷಿಣದಲ್ಲಿಯೂ ನೆಪೋಲಿಯನ್ನನ ದಂಡುಗಳೊಡನೆ ಹೋರಾಡಿದ. ವೆಲ್ಲಿಂಗ್ಟನ್ ಡ್ಯೂಕ್ ಎನಿಸಿದ. ತಲವೇರ, ಬದಾಹೋಸ್, ಸಲಮಾಂಕ, ವಿತೋರಿಯ ಒಂದೊಂದೂ ಘೋರ ಕದನ. ಆ ಗೆಲುವುಗಳಿಗಾಗಿ ಸೇನಾಪತಿಗಳಿಗೂ ದಳಗಳನ್ನು ನಡೆಸಿದ ಅಧಿಕಾರಿಗಳಿಗೂ ಚಿನ್ನದ ಪದಕಗಳು ಬಂದವು. ನಾಲ್ಕು ಕದನ ಕಂಡವರಿಗೆ ಚಿನ್ನದ ಶಿಲುಬೆ. ವೆಲ್ಲಿಂಗ್ಟನ್ನನ ಶಿಲುಬೆಗಂತೂ ಒಂಬತ್ತು ಅಡ್ಡಪಟ್ಟಿಗಳು. ಹಾಗೆ ಪಡೆದವನು ಬೇರೊಬ್ಬನಿಲ್ಲ. ಬಂದೂಕು ಹೊತ್ತು ನಡೆದವನಿಗೆ ಮಾತ್ರ ಪಾರ್ಲಿಮೆಂಟಿನ ಧನ್ಯವಾದ.

ಇದು ಯಾರೊಬ್ಬರ ಕ್ರೌರ್ಯವಲ್ಲ, ಆ ಕಾಲದ ರೂಢಿ. ಕ್ರಾಮ್‌ವೆಲ್ಲನ ಕಾಲದಲ್ಲಿ, 1650ರ ಡನ್‌ಬಾರ್ ಕದನಕ್ಕೆ ಒಮ್ಮೆ ಪದಕ ಕೊಟ್ಟದ್ದುಂಟು. ಆಮೇಲೆ ಸರಕಾರ ಆ ಗೋಜಿಗೆ ಹೋಗಲಿಲ್ಲ. ಸರಕಾರ ಬಿಟ್ಟದ್ದನ್ನು ಖಾಸಗಿಯವರು ಮಾಡಿದರು. 1805ರ ಟ್ರಫಾಲ್ಗರ್ ನೌಕಾಯುದ್ಧದ ತರುವಾಯ ಅದೇ ಬೋಲ್ಟನ್, ಶ್ರೀರಂಗಪಟ್ಟಣದ ಪದಕ ಅಚ್ಚೊತ್ತಿದವನೇ, ಸ್ವಂತ ಖರ್ಚಿನಿಂದ ನಾವಿಕರಿಗೆ ತವರದ ಪದಕ ಹಂಚಿದ. ಕೆಲವು ರೆಜಿಮೆಂಟುಗಳು ತಮ್ಮವರಿಗೆ ತಾವೇ ಪದಕ ಮಾಡಿಸಿಕೊಟ್ಟವು.

ಹೀಗೆಯೇ ನಡೆದಿದ್ದರೆ ಯಾರೂ ದೊಡ್ಡದಾಗಿ ಗೊಣಗುತ್ತಿರಲಿಲ್ಲವೇನೋ. ಆದರೆ 1815ರಲ್ಲಿ ವಾಟರ್‌ಲೂ ನಡೆಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಸಿಪಾಯಿಗಳಿಗೂ ಪದಕ ಕೊಟ್ಟರೆ ಒಳ್ಳೆಯದೆಂದು ಮೇಲಕ್ಕೆ ಬರೆದವನು ಸ್ವತಃ ವೆಲ್ಲಿಂಗ್ಟನ್. ಬೆಳ್ಳಿಯ ಪದಕ, ಜನರಲನಿಗೂ ಡೋಲು ಬಾರಿಸುವ ಹುಡುಗನಿಗೂ ಒಂದೇ, ಅಂಚಿನಲ್ಲಿ ಪಡೆದವನ ಹೆಸರು. ಸತ್ತವರ ಪದಕ ಅವರ ಮನೆಯವರಿಗೆ. ಮೇಲಾಗಿ ವಾಟರ್‌ಲೂವಿನಲ್ಲಿದ್ದವನಿಗೆ ಎರಡು ವರ್ಷದ ಸೇವೆ ಹೆಚ್ಚಾಗಿ ಲೆಕ್ಕಕ್ಕೆ ಸೇರಿತು.

ಇಲ್ಲಿ ಹುಟ್ಟಿತು ಅಸಮಾಧಾನ. ಸ್ಪೇನಿನಲ್ಲಿ ಆರು ವರ್ಷ ಸವೆದ ಎಷ್ಟೋ ದಳಗಳನ್ನು 1814ರಲ್ಲಿ ಹಡಗು ಹತ್ತಿಸಿ ಅಮೆರಿಕದ ಯುದ್ಧಕ್ಕೆ ಅಟ್ಟಿದ್ದರು. ಅವರು ಹಿಂತಿರುಗುವಷ್ಟರಲ್ಲಿ ವಾಟರ್‌ಲೂ ಮುಗಿದುಹೋಗಿತ್ತು. ನಿನ್ನೆ ಮೊನ್ನೆ ಸೇರಿ ಒಂದೇ ಕದನ ಕಂಡ ಹುಡುಗನ ಎದೆಯ ಮೇಲೆ ಬೆಳ್ಳಿ. ಹತ್ತು ಕದನ ಕಂಡು ಕೈಯೋ ಕಾಲೋ ಕಳೆದುಕೊಂಡವನ ಎದೆ ಬರಿದು. ಊರಿನ ಹೆಂಡದಂಗಡಿಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತರೆ ಹೇಗಿದ್ದೀತು, ನೀವೇ ಊಹಿಸಿಕೊಳ್ಳಿ.

ಈ ಮುದುಕರ ಪರವಾಗಿ ನಿಂತವನು ರಿಚ್ಮಂಡಿನ ಐದನೆಯ ಡ್ಯೂಕ್, ಚಾರ್ಲ್ಸ್ ಲೆನಾಕ್ಸ್. ವಾಟರ್‌ಲೂ ಹಿಂದಿನ ದಿನಗಳಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಹೆಸರಾಂತ ನೃತ್ಯಕೂಟವನ್ನು ಏರ್ಪಡಿಸಿದವಳು ಇವನ ತಾಯಿಯೇ. ಇವನು ಸ್ಪೇನಿನಲ್ಲಿ ವೆಲ್ಲಿಂಗ್ಟನ್ನನ ಅಂಗರಕ್ಷಕಾಧಿಕಾರಿಯಾಗಿದ್ದವನು. 1814ರಲ್ಲಿ ಓರ್ತೆಜ್ ಕದನದಲ್ಲಿ ಎದೆಗೆ ಗುಂಡು ತಿಂದ. ಆ ಗುಂಡನ್ನು ಹೊರತೆಗೆಯಲು ಆಗಲೇ ಇಲ್ಲ. ಬದುಕಿರುವತನಕ ಅದನ್ನು ಹೊತ್ತುಕೊಂಡೇ ತಿರುಗಿದ. ವಾಟರ್‌ಲೂವಿನಲ್ಲಿಯೂ ಇದ್ದವನಾದ್ದರಿಂದ ತನಗೆ ಪದಕದ ಕೊರತೆಯಿರಲಿಲ್ಲ. ಜೊತೆಯವರಿಗೆ ಬರಲಿಲ್ಲವೆಂಬುದೇ ಅವನ ಕೊರಗು.

ಎದುರು ನಿಂತವನು ಯಾರು ಬಲ್ಲಿರಾ? ವೆಲ್ಲಿಂಗ್ಟನ್! 1842ರಿಂದ ಆತ ಮತ್ತೆ ಮಹಾದಂಡನಾಯಕ. ಲಾರ್ಡ್ಸ್ ಸಭೆಯಲ್ಲಿ ರಿಚ್ಮಂಡ್ ಮನವಿ ತಂದಾಗಲೆಲ್ಲ ಈ ಹಳೆಯ ಒಡೆಯ ಒಪ್ಪಲಿಲ್ಲ. ಆ ಯುದ್ಧಕ್ಕೆ ಸಲ್ಲಬೇಕಾದ ಗೌರವ ಆಗಿನ ದೊರೆಗಳ ಕಾಲದಲ್ಲೇ ಸಂದಿದೆ. ಮುಗಿದ ಲೆಕ್ಕವನ್ನು ಮೂವತ್ತು ವರ್ಷದ ಮೇಲೆ ತೆರೆಯುವುದು ಸಲ್ಲದು ಎಂಬುದು ಆತನ ವಾದದ ತಿರುಳು. ಆ ಮಾತಿನಲ್ಲಿ ಆಡಳಿತಗಾರನ ಎಚ್ಚರವಿದೆ, ನಿಜ. ಆದರೆ ತನ್ನ ಕೀರ್ತಿಯನ್ನು ಹೆಗಲ ಮೇಲೆ ಹೊತ್ತು ತಂದವರ ವಿಷಯದಲ್ಲಿ ಆತನ ಕೈ ಇಷ್ಟು ಬಿಗಿಯಾಗಬಾರದಿತ್ತು ಎಂದೇ ನನಗೆ ತೋರುತ್ತದೆ.

ವಾದವನ್ನು ಸಡಿಲಿಸಿದ್ದು ಪೂರ್ವದೇಶದ ಯುದ್ಧಗಳು. 1842ರ ಚೀಣಾ ಯುದ್ಧಕ್ಕೆ, ಅಫ್ಘಾನಿಸ್ತಾನದ ಜಲಾಲಾಬಾದಿಗೆ, ಆಮೇಲೆ ಪಂಜಾಬಿನ ಸಟ್ಲೆಜ್ ಕಾಳಗಕ್ಕೆ ಎಲ್ಲ ದರ್ಜೆಯವರಿಗೂ ಪದಕ ಬಂತು. ಇವರಿಗುಂಟು, ಸಲಮಾಂಕದವರಿಗೆ ಏಕಿಲ್ಲ? ಈ ಪ್ರಶ್ನೆಗೆ ಉತ್ತರ ಸಿಕ್ಕಲಿಲ್ಲ. ರಾಣಿ ವಿಕ್ಟೋರಿಯಳ ಒಲವೂ ಮುದುಕರ ಕಡೆಗೆ ವಾಲಿತು. 1847ರ ಜೂನ್ 1ರಂದು ಆಜ್ಞೆ ಹೊರಟಿತು.

ವಿಲಿಯಂ ವೈಯನ್ ಕೆತ್ತಿದ ಆ ಪದಕವನ್ನು ನೋಡಿದರೆ ನಗು ಬಂದೀತು. ಒಂದು ಕಡೆ ವಿಕ್ಟೋರಿಯಳ ಮುಖ. ಆದರೆ ಪದಕವು ಸಾರುವ ಕದನಗಳೆಲ್ಲ ಮುಗಿದ ಮೇಲೆ, 1819ರಲ್ಲಿ ಆಕೆ ಹುಟ್ಟಿದ್ದು! ಇನ್ನೊಂದು ಕಡೆ ಮೊಳಕಾಲೂರಿದವನೊಬ್ಬನ ತಲೆಗೆ ರಾಣಿ ಜಯದ ಎಲೆಮಾಲೆ ತೊಡಿಸುತ್ತಿದ್ದಾಳೆ. ಆ ಮೊಳಕಾಲೂರಿದವನು ವೆಲ್ಲಿಂಗ್ಟನ್, ಪದಕ ಬೇಡವೆಂದವನೇ. ಅಂಚಿನ ಬರಹದಲ್ಲಿ 1793 ಎಂದು ಮೊದಲಾದರೂ ಪದಕಕ್ಕೆ ಒಪ್ಪಿದ ಕದನಗಳಲ್ಲಿ ಹಳೆಯದು 1801ರ ಈಜಿಪ್ಟಿನದು.

ಪದಕ ತಾನಾಗಿ ಮನೆಬಾಗಿಲಿಗೆ ಬರುವಂತಿರಲಿಲ್ಲ. ಬದುಕಿದ್ದವನು ತಾನೇ ಅರ್ಜಿ ಹಾಕಬೇಕು; ಯಾವ ಯಾವ ಕದನದಲ್ಲಿದ್ದೆನೆಂದು ಹೇಳಬೇಕು; ಅಧಿಕಾರಿಗಳ ಮಂಡಲಿ ಅದನ್ನು ಒರೆಗೆ ಹಚ್ಚುತ್ತಿತ್ತು. ಒಂದೊಂದು ಕದನಕ್ಕೂ ಒಂದೊಂದು ಅಡ್ಡಪಟ್ಟಿ, ಒಟ್ಟು 29 ಬಗೆ. ಹದಿನೈದು ಪಟ್ಟಿ ಪಡೆದವರು ಇಬ್ಬರೇ. ಸುಮಾರು 26,000 ಪದಕಗಳು ಹೊರಬಂದವು. ಸತ್ತವರ ಹೆಂಡಿರು ಮಕ್ಕಳಿಗೆ ಈ ಸಲ ಏನೂ ಇಲ್ಲ. ವಾಟರ್‌ಲೂವಿನಲ್ಲಿ ಸತ್ತವನ ಮನೆಗೆ ಪದಕ ಹೋಗಿತ್ತು. ಬದಾಹೋಸ್ ಗೋಡೆಯ ಕೆಳಗೆ ಸತ್ತವನ ಮನೆಗೆ ಹೋಗಲಿಲ್ಲ. ಆ ಮೂವತ್ತಮೂರು ವರ್ಷಗಳಲ್ಲಿ ಹಾಸಿಗೆಯ ಮೇಲೆ ಕಣ್ಣುಮುಚ್ಚಿದವನ ಮನೆಗೂ ಇಲ್ಲ.

ಜೊತೆಯಲ್ಲಿಯೇ ನೌಕಾಪಡೆಗೂ ಇಂಥದೇ ಪದಕ ಬಂತು. ಹಡಗುಗಳಲ್ಲಿ ಮದ್ದು ಹೊತ್ತು, ಗಾಯಾಳುಗಳ ಶುಶ್ರೂಷೆ ಮಾಡಿದ ಕೆಲವು ಹೆಂಗಸರೂ ಅರ್ಜಿ ಹಾಕಿದರು. ಟ್ರಫಾಲ್ಗರಿನಲ್ಲಿದ್ದ ಜೇನ್ ಟೌನ್‌ಷೆಂಡಳ ಅರ್ಜಿ ಅವರಲ್ಲೊಂದು. ಒಬ್ಬಳಿಗೆ ಕೊಟ್ಟರೆ ಅಸಂಖ್ಯ ಹೆಂಗಸರಿಗೆ ಕೊಡಬೇಕಾದೀತೆಂದು ಕೊನೆಗೆ ಅವರಿಗೆಲ್ಲ ಇಲ್ಲವೆಂದರು. ಆದರೆ 1794ರ ಜೂನ್ 1ರ ಕದನದ ವೇಳೆ ‘ಟ್ರಿಮೆಂಡಸ್’ ಎಂಬ ಹಡಗಿನಲ್ಲಿ ಹುಟ್ಟಿದ ಡೇನಿಯಲ್ ಟ್ರಿಮೆಂಡಸ್ ಮೆಕೆಂಜಿಗೆ ಪದಕ ಸಿಕ್ಕಿತು. ಪಟ್ಟಿಯಲ್ಲಿ ಅವನ ದರ್ಜೆ ‘ಶಿಶು’ ಎಂದಿದೆ. ಹೆತ್ತ ತಾಯಿಗಿಲ್ಲದ ಮರ್ಯಾದೆ ಮಗುವಿಗೆ!

ಪದಕ ಪಡೆದ ಮುದುಕರು ರಿಚ್ಮಂಡನನ್ನು ಮರೆಯಲಿಲ್ಲ. ತಮ್ಮೊಳಗೆ ಹಣ ಕೂಡಿಸಿ 1851ರ ಜೂನ್ 21ರಂದು, ವಿತೋರಿಯ ಗೆಲುವಿನ ದಿನ, ಅವನಿಗೆ ಬೆಳ್ಳಿಯ ಕಾಣಿಕೆ ಅರ್ಪಿಸಿದರು.

ಅದೇ 1851ರಲ್ಲಿ ಭಾರತದ ದಂಡಿನ ಸರದಿಯೂ ಬಂತು. ಅಲಿಗಢದಿಂದ ಭರತಪುರದವರೆಗಿನ ಕದನಗಳಿಗೆ ಕಂಪನಿ ಪದಕ ಕೊಡಲು ಒಪ್ಪಿತು. ದೇಶೀಯ ಸಿಪಾಯಿಗಳಿಗೂ ಅರ್ಹತೆ. ಶರತ್ತು ಮಾತ್ರ ಅದೇ, ಬದುಕಿರಬೇಕು. 1803ರ ಅಸ್ಸಾಯೆಯಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವನಿಗೆ ಆಗ ಅರವತ್ತೆಂಟು. ಎಷ್ಟೋ ಯುದ್ಧಗಳ ಲೆಕ್ಕಕ್ಕೆ ಹೊರಬಂದ ಪದಕಗಳು ಒಟ್ಟು ಸುಮಾರು 4,500. ಅದರ ಮೇಲೆ 1799ರಿಂದ 1826 ಎಂದು ಕೊರೆದಿದೆ. ಆದರೆ 1799ಕ್ಕೆ ಅಡ್ಡಪಟ್ಟಿಯಿಲ್ಲ. ಶ್ರೀರಂಗಪಟ್ಟಣದ ದಂಡಾಳಿಗೆ ಅವನ ತವರದ ಬಿಲ್ಲೆ ಎಂದೋ ಸಂದುಹೋಗಿತ್ತು.