ಕುದುರೆಯಿಂದ ಕೋಣಕ್ಕೆ: ಓಟ ಹಿಡಿದ ಕ್ಯಾಮೆರಾ

ಮಂಗಳೂರಿನ ಕುದ್ರೋಳಿಯಲ್ಲಿ ಕುದುರೆಯ ಫೋಟೊ ಬೇಕೆಂದರೆ ದಸರಾ ಮೆರವಣಿಗೆಗೆ ಕಾಯಬೇಕು. ಗೋಕರ್ಣನಾಥ ಕ್ಷೇತ್ರದಿಂದ ಹೊರಡುವ ಸ್ತಬ್ಧಚಿತ್ರ, ಹುಲಿವೇಷಗಳ ನಡುವೆ ಸಿಕ್ಕರೆ ಕೀಲುಕುದುರೆ ಸಿಗುತ್ತದೆ. ಕರಾವಳಿಯಲ್ಲಿ ರೇಸ್‌ಕೋರ್ಸ್ ಇಲ್ಲ; ಇಲ್ಲಿನ ಛಾಯಾಗ್ರಾಹಕರಿಗೆ ಓಟವೆಂದರೆ ಕಂಬಳದ ಕೋಣ. ಆದರೆ ಕೋಣ ಓಡುವ ಕೆಸರಿನ ಕರೆಯ ಪಕ್ಕ ನಿಂತು ಅವರು ಬಳಸುವ ವಿದ್ಯೆ ಹುಟ್ಟಿದ್ದು ಕುದುರೆಯ ಬೆನ್ನುಹತ್ತಿಯೇ.

ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ? ಚಿತ್ರಕಾರರು ಬಿಡುತ್ತವೆಂದೇ ನಂಬಿ, ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಬರೆಯುತ್ತಿದ್ದರು. 1821ರಲ್ಲಿ ಜೆರಿಕೋ ಬರೆದ ಎಪ್ಸಮ್ ಡರ್ಬಿಯ ಕುದುರೆಗಳು ಹಾಗೆಯೇ ತೇಲುತ್ತವೆ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿಟ್ಟು, ಹಾದಿಗೆ ಅಡ್ಡ ದಾರ ಕಟ್ಟಿದ. ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆ ಓಡುತ್ತ ದಾರ ಹರಿದಂತೆ ಒಂದೊಂದು ಕ್ಯಾಮೆರಾ ಕಣ್ಣು ಮಿಟುಕಿಸಿತು. ಕಾಲುಗಳು ನೆಲ ಬಿಟ್ಟಿದ್ದು ನಿಜ, ಆದರೆ ಹೊಟ್ಟೆಯಡಿ ಮಡಚಿಕೊಂಡಿದ್ದಾಗ! ಚಿತ್ರಕಾರರಿಗೆ ಇದು ಬೇಗ ಜೀರ್ಣವಾಗಲಿಲ್ಲ. ನಾಲ್ಕು ವರ್ಷದಲ್ಲಿ ಫ್ರಾನ್ಸ್‌ನ ವಿಜ್ಞಾನಿ ಮಾರೆ, ಚಲನೆಯ ಹಲವು ಹಂತಗಳನ್ನು ಒಂದೇ ಫಲಕದ ಮೇಲೆ ತಂದ.

ಮುಂದೆ ರೇಸಿನವರಿಗೆ ಬೇಕಾದದ್ದು ತೀರ್ಪು. ಫೋಟೊ ಫಿನಿಶ್ ಕ್ಯಾಮೆರಾ ಒಂದು ಸಣ್ಣ ಸೀಳಿನಿಂದ ಗೆಲುವಿನ ಗೆರೆಯನ್ನಷ್ಟೇ ನೋಡುತ್ತದೆ. ಮೂತಿ ಮೊದಲು, ಬಾಲ ಆಮೇಲೆ ಅಚ್ಚಾಗುತ್ತದೆ. ಆ ಚಿತ್ರದಲ್ಲಿ ಅಡ್ಡಗಲ ಎಂಬುದು ಜಾಗವಲ್ಲ, ಸಮಯ. ಇನ್ನು ನಿಂತ ಕುದುರೆಯ ಚಿತ್ರ ತಳಿಗಾರರ ಸ್ವತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರ್ಮ್‌ನಂಥ ಕಡೆ ಅಂಥ ಚಿತ್ರಕ್ಕೆ ಕಟ್ಟುಪಾಡುಂಟು: ಮಗ್ಗುಲಿನಿಂದ ತೆಗೆಯಬೇಕು, ನಾಲ್ಕೂ ಕಾಲು ಬೇರೆಬೇರೆ ಕಾಣಬೇಕು, ಕಿವಿ ನಿಮಿರಿರಬೇಕು. ತಲೆ ದೊಡ್ಡದಾಗದಂತೆ ದೂರ ನಿಂತು ಉದ್ದ ಲೆನ್ಸ್ ಬಳಸಬೇಕು. ಓಟದ ಚಿತ್ರಕ್ಕಿಂತ ಇದು ಕಷ್ಟ ಎಂಬುದು ನನ್ನ ಲೆಕ್ಕ. ಕುದುರೆಯ ಕಿವಿಗೆ ಯಾರ ಅಪ್ಪಣೆಯೂ ಇಲ್ಲ.

ಕಂಬಳದಲ್ಲಿ ಮೈಬ್ರಿಜ್‌ನ ಪ್ರಶ್ನೆಯೇ ಮುಳುಗಿಹೋಗುತ್ತದೆ, ಕಾಲು ಕಾಣುವುದೇ ಕೆಸರಿನ ಮೇಲೆ ಬಂದಾಗ. ಹಾಗಾಗಿ ಇಲ್ಲಿನವರು ನೀರನ್ನು ಹಿಡಿಯಲು ಕಲಿತರು. ಓಟ ಮುಗಿಯುವ ಮಂಜೊಟ್ಟಿಯ ಕಡೆಯಿಂದ ಎದುರುಮುಖವಾಗಿ ತೆಗೆದರೆ ಎರಡು ತಲೆ, ಹಿಂದೆ ಓಟಗಾರನ ಮೋರೆ, ಸುತ್ತ ನೀರಿನ ಗೋಡೆ. ಕೋಣಗಳು ಗೆರೆ ದಾಟಿಯೂ ಏರು ಹತ್ತಿ ಬರುವುದರಿಂದ ಕಾಲ್ತೆಗೆಯುವ ದಾರಿ ಮೊದಲೇ ನೋಡಿಟ್ಟುಕೊಳ್ಳಬೇಕು. ಕನೆ ಹಲಗೆ ಎಂಬ ವಿಭಾಗದಲ್ಲಂತೂ ಎತ್ತರದ ನಿಶಾನೆಗೆ ನೀರು ತಾಗಿತೇ ಎಂಬುದೇ ಸ್ಪರ್ಧೆ. ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆಯುವ ಓಟವನ್ನು ಫಿಲ್ಮ್ ಕಾಲದಲ್ಲಿ ಫ್ಲ್ಯಾಶ್ ಹಚ್ಚಿ, ಫೋಕಸ್ ಒಂದೇ ಜಾಗಕ್ಕೆ ಕಟ್ಟಿ ತೆಗೆಯುತ್ತಿದ್ದರು. ಡಿಜಿಟಲ್ ಬಂದ ಮೇಲೆ ಆ ಪಾಡು ಹೋಯಿತು. ತೀರ್ಪಿಗೂ ಈಗ ಲೇಸರ್, ವಿಡಿಯೊ ಬಂದಿವೆ. 2020ರಲ್ಲಿ ಐಕಳದ ಕರೆಯಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಆ ಓಟದ ಚಿತ್ರ ದೇಶವೆಲ್ಲ ಸುತ್ತಿತು.

ಅಷ್ಟರಲ್ಲಿ ಕ್ಯಾಮೆರಾ ಕೋರ್ಟಿನ ಕಟ್ಟೆಯನ್ನೂ ಹತ್ತಿತ್ತು. ಇಂಥ ಓಟಗಳಿಗೆ ತಡೆಯಾದ 2014ರ ಸುಪ್ರೀಂ ಕೋರ್ಟ್ ತೀರ್ಪು, ಕಂಬಳಕ್ಕೆ ದಾರಿ ಬಿಟ್ಟ 2017ರ ರಾಜ್ಯದ ತಿದ್ದುಪಡಿ, 2023ರ ಮೇ ತಿಂಗಳಲ್ಲಿ ಅದಕ್ಕೆ ಸಿಕ್ಕ ಮನ್ನಣೆ, ಇವುಗಳ ನಡುವಿನ ವಾದದಲ್ಲಿ ಬಾರುಕೋಲು ಎತ್ತಿದ ದೃಶ್ಯವೇ ವಿರೋಧಿಗಳ ಬಲವಾಯಿತು. ಹಟ್ಟಿಯಲ್ಲಿ ಹುರುಳಿ ತಿನ್ನುವ, ಎಣ್ಣೆ ತಿಕ್ಕಿಸಿಕೊಳ್ಳುವ ಕೋಣದ ಒಳ್ಳೆಯ ಚಿತ್ರ ಮಾತ್ರ ಈಗಲೂ ಅಪರೂಪ. ಕಪ್ಪು ಮೈಯನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಷರ್ ಇಳಿಸಿ ತಾಳ್ಮೆಯಿಂದ ಕೂರಬೇಕು. ಸ್ಪರ್ಧೆಗಳ ತೀರ್ಪುಗಾರರು ಕೆಸರು ಹಾರುವ ಚಿತ್ರಕ್ಕೇ ಬಹುಮಾನ ಕೊಡುತ್ತಿರುವಾಗ ಹಟ್ಟಿಗೆ ಹೋಗಿ ಕೂರುವವರು ಯಾರು?