ವರ್ಗದ ಹಾಳೆಯಲ್ಲಿ ಇಲ್ಲದವರು

2010ರ ನವೆಂಬರಿನಲ್ಲಿ ಆಫ್ರಿಕದ ಘಾನಾ ದೇಶದ ಅಂಕಿಅಂಶ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ದೇಶದ ಒಟ್ಟು ಉತ್ಪನ್ನವನ್ನು ಅಳೆಯುವ ಆಧಾರ ವರ್ಷ 1993ರಿಂದ 2006ಕ್ಕೆ ಬದಲಾಗಿತ್ತು. ಅಷ್ಟಕ್ಕೇ ಉತ್ಪನ್ನದ ಅಂಕಿ ಸುಮಾರು ಶೇ. 60ರಷ್ಟು ಹಿಗ್ಗಿ, ಬಡ ದೇಶಗಳ ಪಟ್ಟಿಯಲ್ಲಿದ್ದ ಘಾನಾ ಮಧ್ಯಮ ಆದಾಯದ ದೇಶಗಳ ಪಂಕ್ತಿಗೆ ಬಂದು ಕುಳಿತಿತು. 2014ರಲ್ಲಿ ನೈಜೀರಿಯದಲ್ಲೂ ಹೀಗೆಯೇ ಆಗಿ ಅಂಕಿ ಶೇ. 89ರಷ್ಟು ಏರಿತು. ಆ ದಿನ ಯಾರ ಮನೆಯ ಗಂಜಿಗೂ ಒಂದು ಅಗುಳು ಹೆಚ್ಚಾಗಿರಲಿಲ್ಲ. ಹಳೆಯ ಲೆಕ್ಕ ಕಾಣದೆ ಬಿಟ್ಟಿದ್ದ ವ್ಯವಹಾರಗಳನ್ನು ಹೊಸ ಲೆಕ್ಕ ಕಂಡಿತ್ತು, ಅಷ್ಟೆ.

ಆಫ್ರಿಕದ ಆಡಳಿತವನ್ನು ಅಂಕಿಗಳಿಂದ ಅರಿಯಹೊರಟವರಿಗೆ ಎದುರಾಗುವ ಈ ತೊಡಕು ನಮ್ಮ ಕರಾವಳಿಗೆ ಹೊಸದಲ್ಲ. ಇಲ್ಲಿ ಅದು ಭೂಮಿಯ ಲೆಕ್ಕದಲ್ಲಿ ಎರಡು ಶತಮಾನ ಕಾಡಿದೆ. ಉಡುಪಿ, ಕಾರ್ಕಳ, ಕಾಪು ಕಡೆಯ ಹಿರಿಯರ ಬಾಯಲ್ಲಿ ‘ವರ್ಗದ ಭೂಮಿ’, ‘ವರ್ಗದಾರ’ ಎಂಬ ಮಾತುಗಳು ಈಗಲೂ ಉಳಿದಿವೆ. ಹಾಳೆ ಎಂಬ ಅರ್ಥದ ಅರಬ್ಬಿಯ ‘ವರಕ್’ ಇದರ ಮೂಲವೆನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಕಂದಾಯ ಕೊಡುವವನ ಹೆಸರಿಗೆ ಒಂದು ಹಾಳೆ. ಆ ಹಾಳೆಗೆ ಸೇರಿದ್ದೆಲ್ಲ ಒಂದು ವರ್ಗ. ಗದ್ದೆಗೆ ಹೆಸರು ಬಂದದ್ದೇ ಕಾಗದದಿಂದ.

ಇದಕ್ಕೂ ಮೊದಲು ಗದ್ದೆಯನ್ನೇ ಕೇಳಿ ಲೆಕ್ಕ ಬರೆದ ಅರಸನೊಬ್ಬನಿದ್ದ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’ ಹೆಸರಾದದ್ದು. ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲದ ಒಂದು ಗದ್ದೆಯನ್ನು ಆರಿಸಿ, 12 ವರ್ಷ ಸರ್ಕಾರದ ಖರ್ಚಿನಲ್ಲೇ ಬೇಸಾಯ ಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬಂದ ಬೆಳೆ, ಅದರ ಬೆಲೆ ಎಲ್ಲವನ್ನೂ ಬರೆಸಿ, ಸರಾಸರಿ ತೆಗೆದು, ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿ ಮಾಡಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮಳೆ ಹೆಚ್ಚಾದ ವರ್ಷವೂ ಕೈಕೊಟ್ಟ ವರ್ಷವೂ ಅದರಲ್ಲಿ ಸೇರಿದವು. ಇಂದಿನ ಸಂಖ್ಯಾಶಾಸ್ತ್ರಜ್ಞರೂ ತಲೆದೂಗುವಂಥ ಕ್ರಮ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊಗೆ ಅಷ್ಟು ಪುರುಸೊತ್ತಿರಲಿಲ್ಲ. ಆತ ಇಲ್ಲಿದ್ದದ್ದು ಸುಮಾರು ಒಂದೂಕಾಲು ವರ್ಷ. ಹಳೆಯ ಕಡತಗಳನ್ನು ತರಿಸಿ ವಿಜಯನಗರದ ಕಾಲದ ‘ರೇಖೆ’, ಬಿದನೂರಿನವರ ಶಿಸ್ತು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಮೇಲೆ ಸೇರಿದ ‘ಶಾಮಿಲು’ ಇವನ್ನೆಲ್ಲ ಬಿಡಿಸಿ ನೋಡಿದ. ಹೊರೆ ಹೆಚ್ಚಾಯಿತೆಂದು ಮನಗಂಡು ಸ್ವಲ್ಪ ಇಳಿಸಿದ. ಪ್ರಾಮಾಣಿಕ ದುಡಿಮೆಯೇ ಸರಿ. ಆದರೆ ಅದು ಕಾಗದದಿಂದ ಕಾಗದಕ್ಕೆ ಇಳಿದ ಲೆಕ್ಕ.

ಅವನ ನಂತರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1819–20ರ ‘ತರಾವು’ ಲೆಕ್ಕಕ್ಕೆ ಆಧಾರವಾದದ್ದು ಕಂಪನಿ ಬಂದಂದಿನಿಂದ ಪ್ರತಿ ವರ್ಗದಿಂದ ವಸೂಲಾದ ಹಣದ ಸರಾಸರಿ. ಗದ್ದೆ ಏನು ಬೆಳೆಯಿತೆಂದಲ್ಲ, ವರ್ಗದಾರ ಏನು ಕೊಟ್ಟನೆಂದು. ನಿಯತ್ತಾಗಿ ಕೊಟ್ಟವನಿಗೆ ಹೊರೆ ಖಾಯಂ ಆಯಿತು, ತಪ್ಪಿಸಿಕೊಂಡವನಿಗೆ ಹಗುರವೂ ಖಾಯಂ ಆಯಿತು! ಧಾನ್ಯದ ಬೆಲೆ ಕುಸಿದಾಗ ಈ ಲೆಕ್ಕ ತಾಳಲಿಲ್ಲ. 1830–31ರಲ್ಲಿ ರೈತರು ಅಲ್ಲಲ್ಲಿ ಸಭೆ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಚರಿತ್ರೆಯಲ್ಲಿ ಅದು ‘ಕೂಟ’ ದಂಗೆ. ಹೊಲಹೊಲವನ್ನೂ ಅಳೆಯುವ ಸರ್ವೆ ದಕ್ಷಿಣ ಕನ್ನಡಕ್ಕೆ ಬರಲು 19ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಸರ್ವೆ ಬಂದರೂ ಒಂದು ಸಂಗತಿ ಹಾಗೆಯೇ ಉಳಿಯಿತು. ಹಾಳೆ ವರ್ಗದಾರನದು, ಉತ್ತು ಬಿತ್ತುವವನು ಒಕ್ಕಲು. ಮೂಲಗೇಣಿಯವನ ಗೇಣಿ ಶಾಶ್ವತವಾಗಿ ನಿಗದಿಯಾಗಿತ್ತು, ಅವನ ಕೈಯಲ್ಲಿ ಚೀಟಿಯೂ ಇರುತ್ತಿತ್ತು. ಚಾಲಗೇಣಿಯವನದು ವರ್ಷ ವರ್ಷದ ಮಾತು. ಬಾಯಿಮಾತಿನಲ್ಲೇ ನಡೆಯುವ ಗೇಣಿ, ಧಣಿಯ ಅಂಗಳಕ್ಕೆ ಅಳೆದು ಹಾಕುವ ಅಕ್ಕಿಮುಡಿ. ರಸೀದಿ ಕೇಳುವವರು ಯಾರು? ಜಿಲ್ಲೆಯ ಕಂದಾಯವೆಷ್ಟೆಂದು ಪೈಸೆ ಪೈಸೆಗೆ ಬಲ್ಲ ಸರ್ಕಾರಕ್ಕೆ ಆ ಕಂದಾಯವನ್ನು ಬೆಳೆದವರ ಸಂಖ್ಯೆ ಸರಿಯಾಗಿ ತಿಳಿದಿರಲಿಲ್ಲ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ, ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯ ನಿಜವಾದ ಪರೀಕ್ಷೆ ನಡೆದದ್ದು ಇಲ್ಲಿಯೇ. ಒಕ್ಕಲು 7ನೇ ನಮೂನೆಯಲ್ಲಿ ತಾನೇ ಅರ್ಜಿ ಬರೆದುಕೊಡಬೇಕು. ಕರಾವಳಿಯ ಜನ ಅದನ್ನು ‘ಡಿಕ್ಲರೇಶನ್’ ಎಂದರು; ಹಾಗೆ ದಕ್ಕಿದ ನೆಲ ‘ಡಿಕ್ಲರೇಶನ್ ಜಾಗ’ವಾಯಿತು. ಧಣಿಯ ಮುಖ ನೋಡಿ ಅರ್ಜಿ ಹಾಕದೆ ಉಳಿದವರೂ ಇದ್ದರು. ಅರ್ಜಿಗೆ 1979ರ ಜೂನ್ 30ರವರೆಗೆ ಅವಕಾಶವಿತ್ತು. ಭೂನ್ಯಾಯ ಮಂಡಳಿಯ ಮುಂದೆ ಮೊದಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಚೀಟಿ ಇಲ್ಲದವನಿಗೆ ನೆರೆಕರೆಯವರ ಸಾಕ್ಷಿಯೇ ಆಧಾರವಾಯಿತು. ಹಾಳೆಯಲ್ಲಿ ಎಂದೂ ಇಲ್ಲದ ಹೆಸರುಗಳು ಪಹಣಿಗೆ ಏರಿದವು.

ಎಲ್ಲರ ಹೆಸರೂ ಅಲ್ಲ. ನೇಜಿ ನೆಟ್ಟ ಹೆಂಗಸರು, ಕೊಯ್ಲಿಗೆ ಬರುತ್ತಿದ್ದ ಆಳುಗಳು ಗೇಣಿದಾರರಾಗಿರಲಿಲ್ಲವಾದ್ದರಿಂದ ಅವರಿಗೆ 7ನೇ ನಮೂನೆಯೇ ಇರಲಿಲ್ಲ. ಕಾಯಿದೆಯ ಇನ್ನೊಂದು ಕಲಮಿನಂತೆ, ಪರರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಯವರಿಗೆ ಗುಡಿಸಲಿನ ನೆಲವೂ ಅದರ ಸುತ್ತಣ ತುಸು ಜಾಗವೂ ದೊರೆಯಿತು.