ಹಳೆಯ ವಾಚಿನ ಡಯಲ್: ನೋಡುವ ಬಗೆ, ಉಳಿಸಿಕೊಳ್ಳುವ ಬಗೆ



ವಾಚ್ ಸಂಗ್ರಾಹಕರು ಸೇರುವ ಕೂಟಕ್ಕೆ ಮೊದಲ ಸಲ ಹೋದವರಿಗೆ ಒಂದು ಸಂಗತಿ ಸೋಜಿಗವೆನಿಸುತ್ತದೆ. ಮೇಜಿನ ಮೇಲೆ ಹೊಸದರಂತೆ ಥಳಥಳಿಸುವ ಹಳೆಯ ವಾಚಿನ ಮುಂದೆ ಅನುಭವಿಗಳು ನಿಲ್ಲುವುದೇ ಇಲ್ಲ. ಅಂಚು ಕಂದು ತಿರುಗಿದ, ಅಲ್ಲಲ್ಲಿ ಚುಕ್ಕೆ ಬಿದ್ದ ಇನ್ನೊಂದನ್ನು ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡುತ್ತಾರೆ. ಅದಕ್ಕೇ ಹೆಚ್ಚು ಬೆಲೆಯನ್ನೂ ಕೊಡುತ್ತಾರೆ. ಮೊದಲನೆಯದು ಮರು ಬಣ್ಣ ಬಳಿದದ್ದು, ಎರಡನೆಯದು ಕಾರ್ಖಾನೆಯಿಂದ ಬಂದಾಗ ಇದ್ದ ಡಯಲ್. ಈ ಭೇದ ತಿಳಿಯದೆ ಅನೇಕ ಮನೆಗಳಲ್ಲಿ ಅಜ್ಜನ ವಾಚನ್ನು "ಚೆನ್ನಾಗಿ ಕಾಣಲಿ" ಎಂದು ರಿಪೇರಿಗೆ ಕೊಟ್ಟು ಡಯಲ್ ಕಳೆದುಕೊಂಡಿದ್ದಾರೆ. ಯಂತ್ರ ಕೆಟ್ಟರೆ ಬಿಡಿಭಾಗ ಸಿಗುತ್ತದೆ. ಕೆರೆದು ಹಾಕಿದ ಡಯಲ್ ಮರಳಿ ಬರುವುದಿಲ್ಲ.

ಡಯಲ್ ಎಂದರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪದ ಹಿತ್ತಾಳೆ ಬಿಲ್ಲೆ. ಅದರ ಹಿಂಬದಿಯಲ್ಲಿ ಎರಡು ಸಣ್ಣ ಕಾಲುಗಳಿರುತ್ತವೆ. ಅವು ಯಂತ್ರದ ರಂಧ್ರಗಳಲ್ಲಿ ಕೂತು, ಪಕ್ಕದ ಸ್ಕ್ರೂಗಳಿಂದ ಬಿಗಿಯಾಗುತ್ತವೆ. ಬಿಲ್ಲೆಯ ಮೇಲೆ ಲೋಹದ ಲೇಪ, ಅದರ ಮೇಲೆ ಬಣ್ಣ ಅಥವಾ ತೆಳು ವಾರ್ನಿಷ್. ನಡುವಿನಿಂದ ಸೂರ್ಯಕಿರಣದಂತೆ ಹರಡುವ ಹೊಳಪು ಬಣ್ಣದ್ದಲ್ಲ. ತಿರುಗುವ ಬಿಲ್ಲೆಗೆ ಬ್ರಷ್ ತಾಗಿಸಿ ಎಳೆದ ಕೂದಲಿಗಿಂತ ಸಣ್ಣ ಗೀರುಗಳಿಂದ ಅದು ಬರುತ್ತದೆ. ಕೈ ಓರೆ ಮಾಡಿದಂತೆಲ್ಲ ಬೆಳಕು ಸುತ್ತುತ್ತದೆ, ಕೂಟದಲ್ಲಿ ಎಲ್ಲರೂ ವಾಚನ್ನು ಆಚೀಚೆ ವಾಲಿಸುತ್ತಿರುವುದು ಇದಕ್ಕೇ. ಅಕ್ಷರ, ನಿಮಿಷದ ಗೆರೆಗಳನ್ನು ಕೊರೆದ ಫಲಕದಿಂದ ಮೆತ್ತನೆಯ ಸಿಲಿಕೋನ್ ಮುದ್ರೆಯೊಂದು ಶಾಯಿ ಎತ್ತಿಕೊಂಡು ಬಿಲ್ಲೆಯ ಮೇಲೆ ಒತ್ತುತ್ತದೆ. ನನ್ನಂತೆ ಕಚೇರಿಯಲ್ಲಿ ರಬ್ಬರ್ ಸ್ಟಾಂಪು ಒತ್ತಿ ಸವೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಮುದ್ರೆಯ ಅಂಚು ಭೂತಗನ್ನಡಿಯಲ್ಲೂ ಕದಡಿರುವುದಿಲ್ಲ.

ನಮ್ಮ ಕಡೆ ಕೂಟಗಳಲ್ಲಿ ಅತಿ ಹೆಚ್ಚು ಕಾಣುವುದು ಎಚ್‌ಎಂಟಿ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದ ಈ ವಾಚುಗಳು ಬೆಂಗಳೂರು, ತುಮಕೂರು ಕಾರ್ಖಾನೆಗಳಿಂದ ಹೊರಟು ಗಡಿಯ ಈಚೆಯ ಮನೆಗಳಿಗೂ ಮದುವೆ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಬಂದವು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆಮೇಲೆ ಹಳೆಯ ವಾಚುಗಳ ಬೇಡಿಕೆ ಏರಿತು, ಮರು ಬಣ್ಣದ ದಂಧೆಯೂ ಬೆಳೆಯಿತು.

ಹೆಸರಾಂತ ಡಯಲ್‌ಗಳಲ್ಲಿ ಜನತಾ ಮೊದಲು. ಬಿಳಿ ಬಿಲ್ಲೆ, ಸರಳ ಗೆರೆಗಳು, 17 ಜ್ಯುವೆಲ್‌ಗಳ ಚಾವಿ ಕೊಡುವ ಯಂತ್ರ. ಕೆಲವದರಲ್ಲಿ ಹೆಸರು ದೇವನಾಗರಿಯಲ್ಲೇ ಇರುತ್ತದೆ. ಪೈಲಟ್‌ನ ಕಪ್ಪು ಡಯಲ್ ಮೇಲಿನ ದೊಡ್ಡ ಅಂಕಿಗಳಿಗೆ ಹುಡುಗರು ಮುಗಿಬೀಳುತ್ತಾರೆ. ನನ್ನ ಮಟ್ಟಿಗೆ ಜನತಾದ ಮುಖವೇ ಲಕ್ಷಣವಾದದ್ದು. ಒಂದು ಕಾಲಕ್ಕೆ ವರನ ಕಡೆಯವರು ಕೇಳಿ ಪಡೆಯುತ್ತಿದ್ದ ಬಂಗಾರದ ಬಣ್ಣದ ಕಾಂಚನ್, ವಾರದ ಹೆಸರನ್ನು ಹಿಂದಿ-ಇಂಗ್ಲಿಷ್ ಎರಡರಲ್ಲೂ ತೋರಿಸುವ ಆಟೊಮ್ಯಾಟಿಕ್‌ಗಳು, ಗಾಜು ತೆರೆದು ಬೆರಳಿನಿಂದ ಮುಟ್ಟಿ ನೋಡುವ ಬ್ರೈಲ್ ವಾಚು, ಇವೂ ಸಿಗುತ್ತವೆ. ಕನ್ನಡ ಅಂಕಿಗಳ ಡಯಲ್ ಕಂಡರೆ ಕಣ್ಣು ಅಲ್ಲೇ ನಿಲ್ಲುವುದು ಸಹಜ, ಅದರಲ್ಲೂ ನಮ್ಮಂಥ ಗಡಿನಾಡಿನವರಿಗೆ. ಎಚ್‌ಎಂಟಿ ಅಂಥವನ್ನು ತಂದಿದೆ. ಆದರೆ ಹಳೆಯ ಯಂತ್ರಕ್ಕೆ ಯಾರೋ ಹೊಸದಾಗಿ ಕನ್ನಡ ಅಂಕಿ ಬಳಿದು "ಅರವತ್ತರ ದಶಕದ್ದು" ಎಂದರೆ ಭಾಷಾಭಿಮಾನದ ಹೆಸರಿನಲ್ಲಿ ದುಡ್ಡು ಕೊಡಬೇಡಿ.

ಎಚ್‌ಎಂಟಿಗಿಂತ ಹಿಂದಿನವು ಸ್ವಿಸ್ ವಾಚುಗಳು. ವೆಸ್ಟ್ ಎಂಡ್ ಕಂಪನಿಯ ಸೋವಾರ್ ಪ್ರೈಮಾ, ಫಾವ್ರ್ ಲ್ಯೂಬಾದ ಸೀ ಕಿಂಗ್ ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಇಂದಿಗೂ ಸಿಗಬಹುದು. ಹೊಸೂರಿನ ಸದಸ್ಯರಿಗಂತೂ ಟೈಟನ್ ಊರ ಕಾರ್ಖಾನೆ. 1987ರಲ್ಲಿ ಮಾರುಕಟ್ಟೆಗೆ ಬಂದ ಅದರ ಕ್ವಾರ್ಟ್ಜ್ ವಾಚುಗಳು ಚಾವಿಯ ವಾಚುಗಳನ್ನು ಮೂಲೆಗೆ ತಳ್ಳಿದವು. 2002ರ ಟೈಟನ್ ಎಡ್ಜ್ ಒಟ್ಟು 3.5 ಮಿಲಿಮೀಟರ್ ದಪ್ಪ ಮಾತ್ರ. ಅದನ್ನು ಎದುರಿನಿಂದಲ್ಲ, ಪಕ್ಕದಿಂದ ನೋಡಬೇಕು.

ಈಗ ಮುಖ್ಯ ವಿಷಯ. ಸಂಗ್ರಾಹಕರು "ಮುಂಬೈ ಸ್ಪೆಷಲ್" ಎಂದು ಮೂಗು ಮುರಿಯುವುದು ಹಳೆಯ ಯಂತ್ರಕ್ಕೆ ಮರು ಬಣ್ಣದ ಡಯಲ್ ಕೂರಿಸಿ ಮಾರುವ ವಾಚುಗಳನ್ನು. ಗುರುತಿಸಲು ಮೊದಲು ನಿಮಿಷದ ಗೆರೆಗಳನ್ನು ನೋಡಿ. ಕಾರ್ಖಾನೆಯ ಡಯಲ್‌ನಲ್ಲಿ ಪ್ರತಿ ಐದನೆಯ ಗೆರೆ ಗಂಟೆಯ ಕಡ್ಡಿಯ ನಡುವಿಗೆ ನೇರ ಕೂತಿರುತ್ತದೆ. ಮರು ಬಣ್ಣದಲ್ಲಿ ಸ್ವಲ್ಪ ಜರುಗಿರುತ್ತದೆ. ಕಂಪನಿಯ ಹೆಸರಿನ ಅಕ್ಷರಗಳು ದಪ್ಪವಾಗಿ, ಶಾಯಿ ಹರಡಿದಂತಿದ್ದರೆ ಅನುಮಾನಿಸಿ. ಅಂಟಿಸಿದ ಲೋಹದ ಕಡ್ಡಿಗಳ ಬುಡಕ್ಕೆ ಬಣ್ಣ ಮೆತ್ತಿಕೊಂಡಿದೆಯೇ? ಸ್ವಿಸ್ ವಾಚಾದರೆ ಆರರ ಕೆಳಗಿನ ಪುಟ್ಟ ಬರಹ ಮಾಯವಾಗಿದೆಯೇ? ಮುಳ್ಳುಗಳು ಹಳದಿಗಟ್ಟಿದ್ದರೂ ಡಯಲ್ ಬೆಳ್ಳಗಿದೆಯೇ? ಗಿಳಿ ಹಸಿರು, ಅಚ್ಚ ಕಿತ್ತಳೆ ಬಣ್ಣಗಳನ್ನು ಕಂಡಾಗ ಕಣ್ಣು ಕುಕ್ಕುತ್ತದೆ ನಿಜ, ಆ ಮಾದರಿ ಆ ಬಣ್ಣದಲ್ಲಿ ಬಂದಿತ್ತೇ ಎಂದು ಪಕ್ಕದಲ್ಲಿ ನಿಂತ ಹಳಬರನ್ನು ಕೇಳಿ. ಇದನ್ನೆಲ್ಲ ತಿಳಿದೂ ಚೆಂದಕ್ಕಾಗಿ ಕೊಂಡರೆ ತಪ್ಪೇನಿಲ್ಲ, ಬೆಲೆ ಮಾತ್ರ ಅದಕ್ಕೆ ತಕ್ಕಂತಿರಲಿ.

ಕತ್ತಲಲ್ಲಿ ಹೊಳೆಯುವ ಡಯಲ್ ಬಗ್ಗೆ ಒಂದು ಎಚ್ಚರಿಕೆ. ನಾವು ಹೊಳೆಯುವುದಕ್ಕೆಲ್ಲ, ಬಸ್ಸಿನ ಹಿಂದಿನ ಸ್ಟಿಕ್ಕರಿಗೂ, "ರೇಡಿಯಂ" ಎನ್ನುತ್ತೇವೆ. ಆದರೆ 20ನೆಯ ಶತಮಾನದ ಮೊದಲ ಅರ್ಧದ ಎಷ್ಟೋ ವಾಚುಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. ಬ್ರಷ್ಷಿನ ತುದಿ ಚೂಪು ಮಾಡಲು ಅದನ್ನು ತುಟಿಗಿಡುತ್ತಿದ್ದ ಅಮೆರಿಕದ ಡಯಲ್ ಕಾರ್ಖಾನೆಗಳ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ, ಮೂಳೆ ಕೊಳೆತು ಸತ್ತರು. ಅಂಥ ಡಯಲ್ ಈಗ ಹೊಳೆಯದೇ ಇರಬಹುದು. ಸವೆದಿರುವುದು ಹೊಳೆಯುವ ಪುಡಿ, ರೇಡಿಯಂ ಅಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಮುಚ್ಚಿದ ವಾಚನ್ನು ನೋಡುವುದಕ್ಕೆ ಹೆದರಬೇಕಿಲ್ಲ. ಗಾಜು ತೆಗೆದು ಕೆರೆಯುವುದು, ಪುಡಿ ಊದುವುದು, ಮಕ್ಕಳ ಕೈಗೆ ಕೊಡುವುದು ಬೇಡ. ಆರರ ಬಳಿ ಇಂಗ್ಲಿಷಿನ "ಟಿ" ಅಕ್ಷರವಿದ್ದರೆ ಅದು ನಂತರದ ಟ್ರಿಷಿಯಂ. ಈಗಿನ ವಾಚುಗಳಲ್ಲಿ ವಿಕಿರಣವಿಲ್ಲದ, ಬೆಳಕು ಕುಡಿದು ಹೊಳೆಯುವ ಪುಡಿ ಇರುತ್ತದೆ.

ಮನೆಯಲ್ಲಿರುವ ವಾಚನ್ನು ರಿಪೇರಿಗೆ ಕೊಡುವಾಗ "ಯಂತ್ರ ಮಾತ್ರ ಸರ್ವಿಸ್ ಮಾಡಿ, ಡಯಲ್ ಮುಟ್ಟಬೇಡಿ" ಎಂದು ಚೀಟಿಯಲ್ಲಿ ಬರೆಸಿ. ಕೊಡುವ ಮುನ್ನ ಡಯಲ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಗಾಜು ಮಾಸಿದ್ದರೆ ಗಾಜನ್ನಷ್ಟೇ ಬದಲಿಸಬಹುದು, ಎಷ್ಟೋ ಸಲ ಡಯಲ್ ಮಂಕಾಗಿ ಕಾಣಲು ಅದೇ ಕಾರಣ. ಡಯಲ್ ಬದಲಿಸಲೇಬೇಕಾದರೆ ಹಳೆಯದನ್ನು ಕೇಳಿ ವಾಪಸು ಪಡೆಯಿರಿ.

ಕೂಟಗಳಲ್ಲಿ ಮಾಲೀಕರನ್ನು ಕೇಳದೆ ವಾಚು ಎತ್ತಬಾರದು. ಎತ್ತಿದರೆ ಮೇಜಿನ ಬಟ್ಟೆಯ ಮೇಲೆಯೇ ಹಿಡಿಯಬೇಕು, ಚಾವಿ ತಿರುಗಿಸಬಾರದು. ಸಂಘದ ಮುಂದಿನ ಸಭೆಗೆ ಹಳೆಯ ವಾಚು ತರುವ ಸದಸ್ಯರು ಅದನ್ನು ಒರೆಸದೆ, ಪಾಲಿಶ್ ಮಾಡಿಸದೆ, ಈಗ ಹೇಗಿದೆಯೋ ಹಾಗೆಯೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ತರಬೇಕಾಗಿ ವಿನಂತಿ. ಭೂತಗನ್ನಡಿ ನಾನು ತರುತ್ತೇನೆ.

— ಕಾರ್ಯದರ್ಶಿ